ಲೆಕ್ಕ ಕೇಳಿ: ನಾಲ್ಕು ಕೋಟಿ ಅಂಕಿಯ ಸಂಖ್ಯೆಗೆ ಸಾಕ್ಷಿ ಏನು?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇರುವುದು ಅವಿಭಾಜ್ಯ ಸಂಖ್ಯೆಗಳ ಬಗ್ಗೆ. ಬಡ್ಡಿ ಲೆಕ್ಕ, ಗುಂಟೆ ಎಕರೆ ಲೆಕ್ಕ ಕೇಳಿದವರು ದಯವಿಟ್ಟು ಮುಂದಿನ ಸಂಚಿಕೆವರೆಗೆ ಕಾಯಿರಿ. ಈ ಪುಟ ಇವತ್ತು ಪೂರ್ತಿ ಇದಕ್ಕೇ ಬೇಕು.

ಪ್ರಶ್ನೆ: ಮೇಡಂ, ಪ್ರಪಂಚದ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಸಿಕ್ಕಿದೆಯಂತೆ, ಅದರಲ್ಲಿ ನಾಲ್ಕು ಕೋಟಿ ಅಂಕಿ ಇವೆಯಂತೆ. ಮಗಳು ಹೇಳಿದಳು. ಅಷ್ಟು ದೊಡ್ಡದನ್ನು ಯಾರು ಭಾಗಿಸಿ ನೋಡಿದರು? ಯಾರೂ ಪರೀಕ್ಷೆ ಮಾಡಲಾಗದ್ದನ್ನು ನಾವು ನಂಬುವುದು ಹೇಗೆ?
ಕಿರಾಣಿ ಅಂಗಡಿಯವರು, ಶ್ರೀನಿವಾಸಪುರ

ಉತ್ತರ: ನಿಮ್ಮ ಕೊನೆಯ ಸಾಲು ನನಗೆ ತುಂಬ ಹಿಡಿಸಿತು. ಗಣಿತದಲ್ಲಿ ನಂಬಿಕೆಯ ಮೇಲೆ ಏನನ್ನೂ ತೆಗೆದುಕೊಳ್ಳಬಾರದು. ಈ ಸಂಖ್ಯೆಯನ್ನೂ ತೆಗೆದುಕೊಳ್ಳಬೇಕಾಗಿಲ್ಲ.

ಮೊದಲು ಒಂದು ತಿದ್ದುಪಡಿ. ‘ಅತಿ ದೊಡ್ಡ’ ಅವಿಭಾಜ್ಯ ಸಂಖ್ಯೆ ಅನ್ನುವುದೇ ಇಲ್ಲ. ಇದು ‘ಇಲ್ಲಿಯವರೆಗೆ ಗೊತ್ತಿರುವ’ ಅತಿ ದೊಡ್ಡದು, ಅಷ್ಟೇ. ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯಿಲ್ಲ ಎಂದು ಯೂಕ್ಲಿಡ್ ಸುಮಾರು 2,300 ವರ್ಷಗಳ ಹಿಂದೆಯೇ ತೋರಿಸಿದ್ದಾನೆ. ಗೊತ್ತಿರುವ ಅವಿಭಾಜ್ಯಗಳನ್ನೆಲ್ಲ ಗುಣಿಸಿ 1 ಸೇರಿಸಿ. 2, 3, 5, 7, 11, 13 ಮಾತ್ರ ಗೊತ್ತು ಎಂದುಕೊಳ್ಳೋಣ. ಗುಣಿಸಿ 1 ಸೇರಿಸಿದರೆ 30,031. ಈ ಆರರಲ್ಲಿ ಯಾವುದರಿಂದ ಭಾಗಿಸಿದರೂ ಶೇಷ 1 ಉಳಿಯುತ್ತದೆ. ಅಂದ ಮೇಲೆ ಅದರ ಅಪವರ್ತನಗಳು ನಮ್ಮ ಪಟ್ಟಿಯ ಹೊರಗೇ ಇರಬೇಕು. ಇವೆ ಕೂಡ: 59 ಮತ್ತು 509. ಪಟ್ಟಿ ಎಷ್ಟೇ ಉದ್ದ ಇರಲಿ, ಹೊಸದೊಂದು ಸಿಕ್ಕೇ ಸಿಗುತ್ತದೆ.

ಈಗ ನಿಮ್ಮ ಮಗಳು ಹೇಳಿದ ಸಂಖ್ಯೆ. 2 ಅನ್ನು 13,62,79,841 ಸಲ ಬರೆದು ಎಲ್ಲವನ್ನೂ ಗುಣಿಸಿ, ಬಂದದ್ದರಿಂದ 1 ಕಳೆಯಿರಿ. ಅಷ್ಟೇ ಅದರ ವಿಳಾಸ. 2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಲ್ಯೂಕ್ ಡುರಾಂಟ್ ಅನ್ನುವವರು ಕಂಡುಹಿಡಿದರು. ಅಂಕಿಗಳು 4,10,24,320. ಸೆಕೆಂಡಿಗೆ ಒಂದು ಅಂಕಿಯಂತೆ ಊಟ ನಿದ್ದೆ ಬಿಟ್ಟು ಓದಿದರೂ ಒಂದು ವರ್ಷದ ಮೇಲೆ ಮೂರೂವರೆ ತಿಂಗಳು ಬೇಕು.

ಅಂಕಿ ಎಷ್ಟು ಅನ್ನುವುದನ್ನು ನೀವೇ ಲೆಕ್ಕ ಹಾಕಬಹುದು. ಮಗಳ ಪಿಯು ಪುಸ್ತಕದಲ್ಲಿ ಲಾಗರಿದಮ್ ಇರುತ್ತದೆ. 2ರ ಲಾಗ್ 0.3010299957. ಅದನ್ನು 13,62,79,841ರಿಂದ ಗುಣಿಸಿ, ದಶಮಾಂಶದ ನಂತರದ್ದು ಬಿಟ್ಟು 1 ಸೇರಿಸಿ. ಅವಸರಕ್ಕೆ 0.30103 ಎಂದು ಹಿಡಿದರೆ ಒಂದು ಅಂಕಿ ಜಾಸ್ತಿ ಬರುತ್ತದೆ, ಹುಷಾರು. ಕೊನೆಯ ಅಂಕಿಯಂತೂ ಬಾಯಿಲೆಕ್ಕ. 2, 4, 8, 16, 32, 64 ನೋಡಿ. ಬಿಡಿ ಸ್ಥಾನದಲ್ಲಿ 2, 4, 8, 6 ಸುತ್ತುತ್ತಲೇ ಇರುತ್ತವೆ. 13,62,79,841ನ್ನು ನಾಲ್ಕರಿಂದ ಭಾಗಿಸಿದರೆ ಶೇಷ 1. ಅಂದರೆ ಬಿಡಿ ಸ್ಥಾನದಲ್ಲಿ 2. ಅದರಿಂದ 1 ಕಳೆದರೆ 1. ನಾಲ್ಕು ಕೋಟಿ ಅಂಕಿಯ ಸಂಖ್ಯೆಯ ಕೊನೆಯ ಅಂಕಿಯನ್ನು ನಿಮ್ಮ ಅಂಗಡಿ ಗಲ್ಲಾದ ಹಿಂದೆ ಕೂತು ಹೇಳಿಬಿಟ್ಟಿರಿ.

ಇನ್ನು ಭಾಗಿಸಿ ನೋಡಿದ್ದು ಯಾರು? ಯಾರೂ ಇಲ್ಲ. ಭಾಗಿಸುತ್ತಾ ಕೂತರೆ ಯಾವ ಕಂಪ್ಯೂಟರಿಗೂ ಮುಗಿಯದು. ಈ ಜಾತಿಯ ಸಂಖ್ಯೆಗಳಿಗೆ, ಅಂದರೆ 2ರ ಯಾವುದೋ ಘಾತದಿಂದ 1 ಕಳೆದು ಬಂದವಕ್ಕೆ, ಒಂದು ಪರೀಕ್ಷೆ ಇದೆ. ಫ್ರಾನ್ಸಿನ ಲೂಕಾ 19ನೇ ಶತಮಾನದಲ್ಲಿ ಶುರು ಮಾಡಿದ್ದು, ಅಮೆರಿಕದ ಲೆಹ್ಮರ್ 1930ರ ಹೊತ್ತಿಗೆ ಚೊಕ್ಕ ಮಾಡಿದ್ದು. ಪೆನ್ನು ತೆಗೆದುಕೊಳ್ಳಿ, 31ಕ್ಕೆ ಮಾಡಿ ತೋರಿಸುತ್ತೇನೆ. 31 ಅಂದರೆ 2ರ ಘಾತ 5ರಿಂದ 1 ಕಳೆದದ್ದು.

4ರಿಂದ ಶುರು ಮಾಡಿ. ವರ್ಗ ಮಾಡಿ, 2 ಕಳೆಯಿರಿ: 16 ಕಳೆ 2, ಹದಿನಾಲ್ಕು. ಮತ್ತೆ ವರ್ಗ ಮಾಡಿ, 2 ಕಳೆಯಿರಿ: 196 ಕಳೆ 2, 194. ಇದು 31ಕ್ಕಿಂತ ದೊಡ್ಡದಾಯಿತು. 31ರಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ: 8. ಮತ್ತೆ ಅದೇ ಕೆಲಸ: 64 ಕಳೆ 2, 62. 31ರಿಂದ ಭಾಗಿಸಿದರೆ ಶೇಷ ಸೊನ್ನೆ. ಘಾತ 5 ಆದ್ದರಿಂದ ಎರಡು ಕಡಿಮೆ, ಅಂದರೆ ಮೂರು ಸಲ ಮಾಡಿದೆವು. ಮೂರನೇ ಸಲಕ್ಕೆ ಸೊನ್ನೆ ಬಂತು. 31 ಅವಿಭಾಜ್ಯ. 3, 5 ಯಾವುದರಿಂದಲೂ ಭಾಗಿಸಿ ನೋಡಲೇ ಇಲ್ಲ, ಗಮನಿಸಿದಿರಾ?

ದೊಡ್ಡ ಸಂಖ್ಯೆಗೂ ಇದೇ ಕೆಲಸ. ಆದರೆ 13,62,79,839 ಸಲ. ಪ್ರತಿ ಸಲವೂ ಕೋಟಿಗಟ್ಟಲೆ ಅಂಕಿಯ ಸಂಖ್ಯೆಯನ್ನು ವರ್ಗ ಮಾಡಬೇಕು. ಅಕ್ಟೋಬರ್ 11ರಂದು ಐರ್ಲೆಂಡಿನ ಡಬ್ಲಿನ್‌ನಲ್ಲಿದ್ದ ಒಂದು ಯಂತ್ರ ಇನ್ನೊಂದು ಬಗೆಯ ಪರೀಕ್ಷೆ ಮಾಡಿ, ‘ಇದು ಅವಿಭಾಜ್ಯ ಇರುವ ಹಾಗಿದೆ’ ಎಂದಿತು. ಮಾರನೇ ದಿನ ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿದ್ದ ಇನ್ನೊಂದು ಯಂತ್ರ ಈ ಲೂಕಾ ಲೆಹ್ಮರ್ ಪರೀಕ್ಷೆ ಮುಗಿಸಿ ಸೊನ್ನೆ ತಂದಿತು. ಆಮೇಲೆ ಬೇರೆ ಬೇರೆಯವರು, ಬೇರೆ ಬೇರೆ ಯಂತ್ರಗಳಲ್ಲಿ, ಬೇರೆ ಬೇರೆ ಪ್ರೋಗ್ರಾಂ ಹಾಕಿ ಮಾಡಿದರು. ಎಲ್ಲರಿಗೂ ಸೊನ್ನೆ. ಒಂದೇ ಒಂದು ಕಡೆ ಒಂದು ಅಂಕಿ ತಪ್ಪಿದ್ದರೂ ಕೊನೆಯಲ್ಲಿ ನಾಲ್ಕು ಕೋಟಿ ಅಂಕಿಯ ಕಸ ಬಂದಿರುತ್ತಿತ್ತು. ಅಕಸ್ಮಾತ್ತಾಗಿ ಸೊನ್ನೆ ಬರುವ ಲೆಕ್ಕವಲ್ಲ ಅದು. ಸಾಕ್ಷಿ ಇದೇ. ಯಂತ್ರ ಇರುವ ಯಾರು ಬೇಕಾದರೂ ಇವತ್ತೂ ಮಾಡಿ ನೋಡಬಹುದು.

ಪ್ರಶ್ನೆ: ಮಿಸ್, 2ರ ಘಾತ ಅವಿಭಾಜ್ಯವಾಗಿದ್ದರೆ 1 ಕಳೆದಾಗ ಬರುವುದೂ ಅವಿಭಾಜ್ಯ ಅನ್ನುವ ಸೂತ್ರ ನನಗೆ ಹೊಳೆಯಿತು. 3, 7, 31, 127 ಎಲ್ಲ ಸರಿ ಬಂತು. ಇದನ್ನು ಎಲ್ಲಿಗಾದರೂ ಕಳಿಸಬಹುದಾ?
ದ್ವಿತೀಯ ಪಿಯು ವಿದ್ಯಾರ್ಥಿ, ಮುಳಬಾಗಿಲು

ಉತ್ತರ: ಕಳಿಸುವ ಮುಂಚೆ ಇನ್ನೊಂದು ಹೆಜ್ಜೆ ಇಡು ಮಗು. 2, 3, 5, 7 ಆಯಿತು. ಮುಂದಿನದು 11. 2ರ ಘಾತ 11 ಅಂದರೆ 2,048. ಒಂದು ಕಳೆದರೆ 2,047. ಅದು 23 ಗುಣಿಸು 89. ಸೂತ್ರ ಅಲ್ಲಿಗೆ ನಿಂತುಹೋಯಿತು.

ಆದರೆ ನೀನು ಹಿಡಿದ ದಾರಿ ಒಳ್ಳೆಯದು, ಬಿಡಬೇಡ. ನಿನ್ನ ಮಾತಿನ ಅರ್ಧ ನಿಜ. ಘಾತ ಅವಿಭಾಜ್ಯ ಅಲ್ಲದಿದ್ದರೆ ಉತ್ತರ ಎಂದೂ ಅವಿಭಾಜ್ಯ ಆಗುವುದಿಲ್ಲ. ಕಂಪ್ಯೂಟರಿನ ಸೊನ್ನೆ ಒಂದರ ಬರವಣಿಗೆಯಲ್ಲಿ ನೋಡು. 2ರ ಘಾತ 6ರಿಂದ 1 ಕಳೆದರೆ 63. ಅದನ್ನು ಬರೆಯುವುದು 111111, ಆರು ಒಂದುಗಳು. ಆರನ್ನು ಮೂರು ಮೂರಾಗಿ ಒಡೆಯಬಹುದಲ್ಲ? 111 ಮತ್ತೆ 111. ಆ ಬರವಣಿಗೆಯಲ್ಲಿ 111 ಅಂದರೆ 7. ಹಾಗಾಗಿ 63ರಲ್ಲಿ 7 ಇದ್ದೇ ಇದೆ. ಘಾತ ಒಡೆದರೆ ಸಂಖ್ಯೆಯೂ ಒಡೆಯುತ್ತದೆ. ಘಾತ ಒಡೆಯದಿದ್ದರೆ ಸಂಖ್ಯೆ ಒಡೆಯಬಹುದು, ಒಡೆಯದೆಯೂ ಇರಬಹುದು. ಅಲ್ಲಿಂದಲೇ ಕೆಲಸ ಶುರು.

1644ರಲ್ಲಿ ಫ್ರಾನ್ಸಿನ ಪಾದ್ರಿ ಮರ್ಸೆನ್, 1 ಕಳೆದಾಗ ಅವಿಭಾಜ್ಯ ಬರುವ ಘಾತಗಳು ಇವು ಎಂದು ಒಂದು ಪಟ್ಟಿ ಅಚ್ಚು ಮಾಡಿಸಿದ. 257ರವರೆಗೆ ಹೋಗಿದ್ದ. ಈ ಸಂಖ್ಯೆಗಳಿಗೆ ಇಂದಿಗೂ ಅವನ ಹೆಸರೇ. ಪಟ್ಟಿಯಲ್ಲಿ 67 ಇತ್ತು, ಅದು ತಪ್ಪು. ಲೂಕಾ 1876ರಲ್ಲಿ ತನ್ನ ಪರೀಕ್ಷೆಯಿಂದ 2ರ ಘಾತ 67 ಕಳೆ 1 ಅವಿಭಾಜ್ಯ ಅಲ್ಲ ಎಂದು ತೋರಿಸಿದ್ದ. ಆದರೆ ಅದರ ಅಪವರ್ತನ ಯಾವುದು ಎಂದು ಯಾರಿಗೂ ಗೊತ್ತಿರಲಿಲ್ಲ. 1903ರಲ್ಲಿ ಅಮೆರಿಕದ ಫ್ರಾಂಕ್ ಕೋಲ್ ಗಣಿತ ಸಂಘದ ಸಭೆಯಲ್ಲಿ ಎದ್ದು ನಿಂತು, ಬೋರ್ಡಿನ ಮೇಲೆ 193707721 ಮತ್ತು 761838257287 ಬರೆದು ಗುಣಿಸಿದರು. ಬಂದ ಉತ್ತರ 147573952589676412927. ಅದೇ 2ರ ಘಾತ 67 ಕಳೆ 1. ಮಾತೇ ಆಡಲಿಲ್ಲವಂತೆ.

ಒಂದು ಸಂಖ್ಯೆ ಒಡೆಯುತ್ತದೆ ಎಂದು ತಿಳಿಯುವುದು ಬೇರೆ, ಎಲ್ಲಿ ಒಡೆಯುತ್ತದೆ ಎಂದು ತಿಳಿಯುವುದು ಬೇರೆ. ಮೊದಲಿನದು ಸುಲಭ, ಎರಡನೆಯದು ಭಾರಿ ಕಷ್ಟ. ಇದನ್ನು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೋ. ಕೆಳಗೆ ತುಮಕೂರಿನವರಿಗೆ ಬರೆದ ಉತ್ತರ ನಿಂತಿರುವುದು ಇದರ ಮೇಲೆಯೇ.

ಪ್ರಶ್ನೆ: ನನ್ನ ಮೊಬೈಲ್ ನಂಬರ್ ಅವಿಭಾಜ್ಯ ಸಂಖ್ಯೆ, ಅದಕ್ಕೇ ವ್ಯಾಪಾರ ಕೈ ಹಿಡಿದಿದೆ ಎಂದು ಒಬ್ಬರು ಹೇಳಿದರು. ನಿಜವೇ? ಪರೀಕ್ಷೆ ಮಾಡುವುದು ಹೇಗೆ?
ರೇಷ್ಮೆ ಗೂಡಿನ ವ್ಯಾಪಾರಿ, ಶಿಡ್ಲಘಟ್ಟ

ಉತ್ತರ: ವ್ಯಾಪಾರ ಕೈ ಹಿಡಿದಿರುವುದು ಗೂಡಿನ ಗುಣ ನೋಡುವ ನಿಮ್ಮ ಕಣ್ಣಿನಿಂದ. ನಂಬರಿಗೆ ಆ ಶಕ್ತಿ ಇಲ್ಲ. ಅವಿಭಾಜ್ಯ ಅಂದರೆ ಸಮ ಸಾಲುಗಳಲ್ಲಿ ಜೋಡಿಸಲಾಗದ್ದು, ಅಷ್ಟೇ. 31 ಟೊಮೆಟೊ ಕ್ರೇಟುಗಳನ್ನು ಒಂದೇ ಉದ್ದದ ಸಾಲುಗಳಾಗಿ ಜೋಡಿಸಲು ಹೋದರೆ ಒಂದೇ ಸಾಲು ಆಗುತ್ತದೆ, ಬೇರೆ ದಾರಿ ಇಲ್ಲ.

ಅದೂ ಅಲ್ಲದೆ ಹತ್ತಂಕಿಯ ಸಂಖ್ಯೆಗಳಲ್ಲಿ ಅವಿಭಾಜ್ಯ ಅಪರೂಪವಲ್ಲ. ಹೆಚ್ಚುಕಡಿಮೆ ಇಪ್ಪತ್ತಮೂರಕ್ಕೆ ಒಂದು. ಕೊನೆಯ ಅಂಕಿ 1, 3, 7, 9 ಇರುವವನ್ನೇ ತೆಗೆದುಕೊಂಡರೆ ಒಂಬತ್ತಕ್ಕೆ ಒಂದು. ನಿಮ್ಮ ಮಾರ್ಕೆಟ್ಟಿನಲ್ಲಿ ಸುಮಾರು ಜನರ ಹತ್ತಿರ ಇಂಥ ನಂಬರ್ ಇರುತ್ತದೆ, ವ್ಯಾಪಾರ ಬಿದ್ದುಹೋದವರ ಹತ್ತಿರವೂ.

ಪರೀಕ್ಷೆ ಹೀಗೆ. ಕೊನೆಗೆ ಸಮ ಅಂಕಿ ಅಥವಾ 5 ಇದ್ದರೆ ಅಲ್ಲಿಗೇ ಮುಗಿಯಿತು. ಅಂಕಿಗಳನ್ನೆಲ್ಲ ಕೂಡಿ, 3ರಿಂದ ಹೋದರೆ ಮುಗಿಯಿತು. ಆಮೇಲೆ ನನಗೆ ಬಹಳ ಇಷ್ಟವಾದ ಉಪಾಯ. ಬಲದಿಂದ ಮೂರು ಮೂರು ಅಂಕಿ ಬಿಡಿಸಿಕೊಳ್ಳಿ. ಒಂದನ್ನು ಕೂಡಿ, ಮುಂದಿನದನ್ನು ಕಳೆಯಿರಿ, ಹೀಗೇ ಮುಂದುವರಿಸಿ. 2147483647 ತೆಗೆದುಕೊಳ್ಳೋಣ. ಇದು ಯಾರ ಮೊಬೈಲ್ ನಂಬರೂ ಅಲ್ಲ, ನಮ್ಮಲ್ಲಿ 6ರಿಂದ 9ರವರೆಗಿನ ಅಂಕಿಯಿಂದ ಶುರುವಾಗುತ್ತವೆ. 647 ಕಳೆ 483, ಕೂಡು 147, ಕಳೆ 2. ಬಂತು 309. ಇದು 7, 11, 13 ಯಾವುದರಿಂದಲೂ ಹೋಗುವುದಿಲ್ಲ, ಆದ್ದರಿಂದ ದೊಡ್ಡ ಸಂಖ್ಯೆಯೂ ಹೋಗುವುದಿಲ್ಲ. ಯಾಕೆ ಅಂದರೆ 7, 11, 13 ಗುಣಿಸಿದರೆ 1001. ಒಂದೇ ಲೆಕ್ಕದಲ್ಲಿ ಮೂರು ಪರೀಕ್ಷೆ.

ಇಷ್ಟು ದಾಟಿದರೆ ಉಳಿದವುಗಳಿಂದ ಭಾಗಿಸಬೇಕು. ಹತ್ತಂಕಿಯ ಸಂಖ್ಯೆಗೆ ಒಂದು ಲಕ್ಷದೊಳಗಿನ ಅವಿಭಾಜ್ಯಗಳು ಸಾಕು. ಅವು 9,592 ಇವೆ. ಕೈಯಲ್ಲಿ ಮಾಡುವ ಕೆಲಸ ಅಲ್ಲ. ಮಗನಿಗೆ ಕಂಪ್ಯೂಟರ್ ಬರುತ್ತಿದ್ದರೆ ಕೇಳಿ, ಚಿಟಿಕೆ ಹೊಡೆಯುವಷ್ಟರಲ್ಲಿ ಹೇಳುತ್ತದೆ.

ಆ 2147483647 ಸುಮ್ನೆ ತೆಗೆದುಕೊಂಡಿದ್ದಲ್ಲ. ಅದು 2ರ ಘಾತ 31 ಕಳೆ 1, ಅವಿಭಾಜ್ಯ. ಇದನ್ನು 1772ರಲ್ಲಿ ಆಯ್ಲರ್ ಸಾಧಿಸಿ ತೋರಿಸಿದ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ, ಆ ಹೊತ್ತಿಗೆ ಕಣ್ಣು ಬಹುಪಾಲು ಹೋಗಿತ್ತು. 46,340ರವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಬೇಕಿದ್ದರೆ ಸಾವಿರಗಟ್ಟಲೆ ಭಾಗಾಕಾರ. ಅವನು ಜರಡಿ ಹಿಡಿದ. ಈ ಸಂಖ್ಯೆಗೆ ಅಪವರ್ತನ ಅಂತ ಇದ್ದರೆ ಅದನ್ನು 62ರಿಂದ ಭಾಗಿಸಿದಾಗ ಶೇಷ 1 ಬರಲೇಬೇಕು, 8ರಿಂದ ಭಾಗಿಸಿದಾಗ 1 ಅಥವಾ 7 ಬರಲೇಬೇಕು. 62 ಅಂದರೆ 31ರ ಎರಡರಷ್ಟು. ಮುಳಬಾಗಿಲಿನ ಹುಡುಗನ 2,047ರಲ್ಲೂ ಇದನ್ನು ನೋಡಬಹುದು. ಅಲ್ಲಿ ಘಾತ 11, ಎರಡರಷ್ಟು 22. ಅಪವರ್ತನ 23 ಮತ್ತು 89, ಎರಡಕ್ಕೂ 22ರಿಂದ ಭಾಗಿಸಿದರೆ ಶೇಷ 1. ಈ ಎರಡು ಷರತ್ತು ಹಾಕಿದಾಗ ಆಯ್ಲರನಿಗೆ ಉಳಿದದ್ದು ಎಂಬತ್ತು ಚಿಲ್ಲರೆ ಅವಿಭಾಜ್ಯಗಳು. ಮೊದಲನೆಯದು 311, ಆಮೇಲೆ ನೇರ 1303. ಯಾವುದೂ ಹೋಗಲಿಲ್ಲ. ಬಲದಿಂದಲ್ಲ, ಯಾವುದನ್ನು ಮಾಡಬೇಕಿಲ್ಲ ಎಂದು ತಿಳಿದು ಗೆದ್ದ. ಇದನ್ನು ಹೇಳುವಾಗ ಇಂದಿಗೂ ನನ್ನ ಮೈ ಜುಂ ಅನ್ನುತ್ತದೆ.

ನಿಮ್ಮ ಫೋನಿಗೂ ಈ ಸಂಖ್ಯೆಗೂ ನಂಟಿದೆ. ಹಳೆಯ ಪ್ರೋಗ್ರಾಂಗಳಲ್ಲಿ ಸಮಯವನ್ನು 1970ರಿಂದ ಕಳೆದ ಸೆಕೆಂಡುಗಳಾಗಿ ಎಣಿಸುವಾಗ ಹಿಡಿಸುವ ಅತಿ ದೊಡ್ಡ ಸಂಖ್ಯೆ 2147483647. ಅದು ತುಂಬುವುದು 2038ರ ಜನವರಿ 19, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಹೊಸ ವ್ಯವಸ್ಥೆಗಳಲ್ಲಿ ಜಾಗ ದೊಡ್ಡದು ಮಾಡಿದ್ದಾರೆ, ಗಾಬರಿ ಬೇಡ.

ಪ್ರಶ್ನೆ: ನಮ್ಮ ಹಣದ ವ್ಯವಹಾರಕ್ಕೆಲ್ಲ ಅವಿಭಾಜ್ಯ ಸಂಖ್ಯೆಗಳೇ ಕಾವಲು ಎಂದು ಓದಿದೆ. ಹಾಗಾದರೆ ಈ ನಾಲ್ಕು ಕೋಟಿ ಅಂಕಿಯದ್ದು ಸಿಕ್ಕಿದ್ದರಿಂದ ಬ್ಯಾಂಕ್ ಇನ್ನೂ ಭದ್ರವಾಯಿತೇ?
ಬ್ಯಾಂಕ್ ಉದ್ಯೋಗಿ, ತುಮಕೂರು

ಉತ್ತರ: ಇಲ್ಲ ಸರ್. ಗುಟ್ಟಾಗಿರಬೇಕಾದ ಸಂಖ್ಯೆ ಲೋಕಕ್ಕೆಲ್ಲ ಗೊತ್ತಿದ್ದರೆ ಕಾವಲು ಹೇಗಾದೀತು? ಅದೂ ಅಲ್ಲದೆ ಅಷ್ಟು ಉದ್ದದ್ದನ್ನು ಹೊತ್ತುಕೊಂಡು ಯಾವ ವ್ಯವಹಾರವೂ ನಡೆಯದು.

ಕಾವಲಿಗೆ ಬೇಕಾದವು ಚಿಕ್ಕವು, ಆದರೆ ಯಾರೂ ನೋಡದವು. 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಕೊಟ್ಟ ವಿಧಾನ ಹೀಗಿದೆ. ಮುನ್ನೂರು ಚಿಲ್ಲರೆ ಅಂಕಿಯ ಎರಡು ಅವಿಭಾಜ್ಯಗಳನ್ನು ಆರಿಸಿ ಗುಣಿಸಬೇಕು. ಗುಣಲಬ್ಧ ಸುಮಾರು 617 ಅಂಕಿ. ಅದನ್ನು ಎಲ್ಲರಿಗೂ ಕೊಡಬಹುದು. ಒಡೆಯುವುದು ಮಾತ್ರ ಯಾರಿಂದಲೂ ಆಗಬಾರದು. ಇಂಥ ಸವಾಲಿನ ಸಂಖ್ಯೆಗಳಲ್ಲಿ 250 ಅಂಕಿಯದ್ದನ್ನು 2020ರಲ್ಲಿ ಒಡೆದರು, ಅದಕ್ಕೇ ಬಹಳಷ್ಟು ಕಂಪ್ಯೂಟರುಗಳು ಬಹಳ ಹೊತ್ತು ದುಡಿದವು. ಎಲ್ಲ ಕಡೆ ಇದೇ ವಿಧಾನ ಅಂತಲ್ಲ, ಈಗ ಬೇರೆಯವೂ ಬಳಕೆಯಲ್ಲಿವೆ.

ಮುನ್ನೂರು ಅಂಕಿಯ ಅವಿಭಾಜ್ಯ ಹುಡುಕುವುದೇ ಕಷ್ಟ ಅಲ್ವಾ ಎಂದು ನೀವು ಕೇಳಬಹುದು. ಆಶ್ಚರ್ಯ ಏನೆಂದರೆ, ಕಷ್ಟವಿಲ್ಲ. ಆ ಗಾತ್ರದ ಬೆಸ ಸಂಖ್ಯೆಗಳಲ್ಲಿ ಹೆಚ್ಚುಕಡಿಮೆ 355ಕ್ಕೆ ಒಂದು ಅವಿಭಾಜ್ಯ. ಮನಸ್ಸಿಗೆ ಬಂದದ್ದನ್ನು ಎತ್ತಿಕೊಂಡು ಪರೀಕ್ಷೆ ಮಾಡುತ್ತಾ ಹೋದರೆ ಬೇಗ ಸಿಗುತ್ತದೆ. ಪರೀಕ್ಷೆ ಸುಲಭ, ಒಡೆಯುವುದು ಕಷ್ಟ. ಆ ವ್ಯತ್ಯಾಸವೇ ಬೀಗ.

ಪರೀಕ್ಷೆ ಸುಲಭ ಅನ್ನುವುದನ್ನು ಯಾವ ಅನುಮಾನಕ್ಕೂ ಎಡೆಯಿಲ್ಲದಂತೆ ಸಾಧಿಸಿದವರು ನಮ್ಮವರು. 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ. ಯಾವ ಸಂಖ್ಯೆ ಕೊಟ್ಟರೂ, ಅದೃಷ್ಟವನ್ನು ನೆಚ್ಚದೆ, ಅವಿಭಾಜ್ಯ ಹೌದೋ ಅಲ್ಲವೋ ಎಂದು ಸಾಕಷ್ಟು ಬೇಗ ಹೇಳುವ ವಿಧಾನ ಕೊಟ್ಟರು. ದಿನನಿತ್ಯದ ಕೆಲಸಕ್ಕೆ ಇನ್ನೂ ವೇಗದ ಬೇರೆ ವಿಧಾನಗಳಿವೆ, ನಿಜ. ಆದರೆ ಹಾಗೆ ಮಾಡಲು ಸಾಧ್ಯವೇ ಅನ್ನುವ ದೊಡ್ಡ ಪ್ರಶ್ನೆ ಅಲ್ಲಿಗೆ ತೀರಿತು. ನಮ್ಮ ಮಕ್ಕಳಿಗೆ ಕ್ರಿಕೆಟ್ ಆಟಗಾರರ ಹೆಸರಿನ ಜೊತೆ ಈ ಮೂರು ಹೆಸರೂ ಗೊತ್ತಿರಬೇಕು ಎಂದು ನನ್ನ ಆಸೆ.

ಪ್ರಶ್ನೆ: ಸೋಲಾರ್ ಪಾರ್ಕಿಗೆ ಜಮೀನು ಗುತ್ತಿಗೆ ಕೊಟ್ಟವನು ನಾನು. ಕರೆಂಟಿನ ಬೆಲೆ ಗೊತ್ತು. ಉಪಯೋಗವಿಲ್ಲದ ಸಂಖ್ಯೆಗೆ ಇಷ್ಟೊಂದು ಕರೆಂಟು ಯಾಕೆ ಸುಡಬೇಕಮ್ಮ?
ರೈತ, ಪಾವಗಡ

ಉತ್ತರ: ನಿಮ್ಮ ಕಾಳಜಿ ಸರಿಯಾದದ್ದೇ ಅಣ್ಣ. ಕರೆಂಟು ಖರ್ಚಾಗುತ್ತದೆ. ಡುರಾಂಟ್ ಬಾಡಿಗೆಗೆ ಹಿಡಿದ ಯಂತ್ರಗಳು 17 ದೇಶಗಳಲ್ಲಿ ಹರಡಿದ್ದವು. ಆದರೂ ಇದು ದಂಡ ಎಂದು ನಾನು ಒಪ್ಪುವುದಿಲ್ಲ.

1994ರಲ್ಲಿ ಅಮೆರಿಕದ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಜೋಡಿ ಅವಿಭಾಜ್ಯಗಳ ಲೆಕ್ಕ ಮಾಡುತ್ತಿದ್ದರು. 11 ಮತ್ತು 13, 17 ಮತ್ತು 19, ಹೀಗೆ ಎರಡರ ಅಂತರದಲ್ಲಿ ಬರುವವು. ಉತ್ತರ ಎಲ್ಲೋ ತಪ್ಪುತ್ತಿತ್ತು. ಹುಡುಕುತ್ತಾ ಹೋದಾಗ 824633702441 ಅನ್ನುವ ಅವಿಭಾಜ್ಯದ ಹತ್ತಿರ ತಪ್ಪು ಸಿಕ್ಕಿತು. ತಪ್ಪು ಅವರದ್ದಲ್ಲ, ಇಂಟೆಲ್ ಕಂಪನಿಯ ಪೆಂಟಿಯಂ ಚಿಪ್ಪಿನದ್ದು. ಭಾಗಾಕಾರವನ್ನೇ ಅದು ತಪ್ಪಾಗಿ ಮಾಡುತ್ತಿತ್ತು. ಕಂಪನಿ ಅದಕ್ಕಾಗಿ 47.5 ಕೋಟಿ ಡಾಲರ್ ತೆಗೆದಿಡಬೇಕಾಯಿತು. ಆ ಚಿಪ್ಪಿನಲ್ಲಿ ಸೇತುವೆಯ ಲೆಕ್ಕ, ಔಷಧಿಯ ಲೆಕ್ಕ ಮಾಡುವವರಿದ್ದರು ಎಂದು ಯೋಚಿಸಿ. ಇವತ್ತಿಗೂ ಹೊಸ ಕಂಪ್ಯೂಟರ್ ಗಟ್ಟಿ ಇದೆಯೋ ಇಲ್ಲವೋ ಎಂದು ನೋಡಲು ಈ ಅವಿಭಾಜ್ಯ ಹುಡುಕುವ ಪ್ರೋಗ್ರಾಂ ಹಾಕಿ ದುಡಿಸುವವರಿದ್ದಾರೆ.

ಇಷ್ಟು ಉಪಯೋಗ ಹೇಳಿದ್ದು ನಿಮಗಾಗಿ. ನನ್ನ ಮಟ್ಟಿಗೆ ಹೇಳುವುದಾದರೆ, ಉಪಯೋಗ ಇಲ್ಲದಿದ್ದರೂ ಹುಡುಕಬೇಕು.

ಪ್ರಶ್ನೆ: ಇವುಗಳಿಗೆ ಬೇರೆ ವಿಶೇಷ ಗುಣ ಇದೆಯೇ? ಬಹುಮಾನ ಇದೆಯೇ?
ಪ್ರಾಥಮಿಕ ಶಾಲಾ ಶಿಕ್ಷಕಿ, ಗುಬ್ಬಿ

ಉತ್ತರ: ಇವೆ. 28ರ ಚಿಕ್ಕ ಅಪವರ್ತನಗಳು 1, 2, 4, 7, 14. ಕೂಡಿದರೆ ಮತ್ತೆ 28. ಇಂಥವು ಪರಿಪೂರ್ಣ ಸಂಖ್ಯೆಗಳು. 28 ಅಂದರೆ 4 ಗುಣಿಸು 7. ಮುಂದಿನದು 496, ಅಂದರೆ 16 ಗುಣಿಸು 31. ಪ್ರತಿಯೊಂದು ಮರ್ಸೆನ್ ಅವಿಭಾಜ್ಯಕ್ಕೂ ಒಂದು ಪರಿಪೂರ್ಣ ಸಂಖ್ಯೆ ಜೊತೆಯಾಗುತ್ತದೆ ಎಂದು ಯೂಕ್ಲಿಡ್ ತೋರಿಸಿದ. ಸಮ ಪರಿಪೂರ್ಣ ಸಂಖ್ಯೆಗಳೆಲ್ಲ ಹೀಗೇ ಬರುತ್ತವೆ ಎಂದು ಆಯ್ಲರ್ ತೋರಿಸಿದ. ಬೆಸ ಪರಿಪೂರ್ಣ ಸಂಖ್ಯೆ ಒಂದಾದರೂ ಇದೆಯೇ? ಇದು ಇನ್ನೂ ಬಿಡಿಸಲಾಗದ ಪ್ರಶ್ನೆ. ಮಕ್ಕಳಿಗೆ ಇದನ್ನು ಹೇಳಿ, ಕಣ್ಣರಳಿಸಿ ಕೇಳುತ್ತಾರೆ.

ಬಹುಮಾನ: ಹತ್ತು ಕೋಟಿ ಅಂಕಿಯ ಅವಿಭಾಜ್ಯ ಮೊದಲು ತೋರಿಸಿದವರಿಗೆ ಒಂದೂವರೆ ಲಕ್ಷ ಡಾಲರ್ ಘೋಷಣೆಯಾಗಿದೆ.

ಪ್ರಶ್ನೆ: ಟೀಚರ್, ನಮ್ಮ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ನಾನೂ ದೊಡ್ಡ ಅವಿಭಾಜ್ಯ ಸಂಖ್ಯೆ ಹುಡುಕಬಹುದಾ?
ಒಂಬತ್ತನೇ ತರಗತಿ ಹುಡುಗಿ, ಚಿಂತಾಮಣಿ

ಉತ್ತರ: ಖಂಡಿತ ಕಂದಾ. ರಷ್ಯಾದಲ್ಲಿ ಇವಾನ್ ಪೆರ್ವೂಷಿನ್ ಅಂತ ಒಬ್ಬ ಹಳ್ಳಿಯ ಪಾದ್ರಿ ಇದ್ದ. 1883ರಲ್ಲಿ ಕೈಲೆಕ್ಕದಲ್ಲೇ 2ರ ಘಾತ 61 ಕಳೆ 1 ಅವಿಭಾಜ್ಯ ಎಂದು ಸಾಧಿಸಿದ. 19 ಅಂಕಿಯ ಸಂಖ್ಯೆ: 2305843009213693951. ಮರ್ಸೆನ್ ಪಟ್ಟಿಯಲ್ಲಿ ಇದು ಬಿಟ್ಟೇಹೋಗಿತ್ತು.

ನೀನು 8,191ರಿಂದ ಶುರು ಮಾಡು. ಅದು 2ರ ಘಾತ 13 ಕಳೆ 1. ಮೇಲೆ 31ಕ್ಕೆ ಮಾಡಿದ ಹಾಗೆ 4ರಿಂದ ಹೊರಟು, ವರ್ಗ ಮಾಡಿ, 2 ಕಳೆದು, 8,191ರಿಂದ ಭಾಗಿಸಿ ಶೇಷ ಬರೆದುಕೋ. ಹನ್ನೊಂದು ಸಲ. ಒಂದು ಭಾನುವಾರ ಮಧ್ಯಾಹ್ನದ ಕೆಲಸ. ಮೊದಲು 14, ಆಮೇಲೆ 194, ಆಮೇಲೆ 4870 ಬರಬೇಕು. ಏಳನೇ ಸಲ 36 ಬಂದರೆ ದಾರಿ ಸರಿ ಇದೆ. ಹತ್ತನೇ ಸಲ 128 ಬರಬೇಕು. ಅದರ ವರ್ಗ 16,384. ಎರಡು ಕಳೆದು 8,191ರಿಂದ ಭಾಗಿಸು. ಆಮೇಲೆ 2,047ಕ್ಕೂ ಮಾಡು, ಅದಕ್ಕೆ ಒಂಬತ್ತು ಸಲ ಸಾಕು. ಅಲ್ಲಿ ಕೊನೆಗೆ ಸೊನ್ನೆ ಬರುವುದಿಲ್ಲ. ಎಷ್ಟು ಬಂತು ಎಂದು ಒಂದು ಕಾರ್ಡ್ ಬರೆದು ತಿಳಿಸು, ನನ್ನ ಉತ್ತರದ ಜೊತೆ ಸರಿ ನೋಡುತ್ತೇನೆ.